ಬಣ್ಣ ಬಲ್ಲವರಿಗೆ ಬಣ್ಣದ ಚಿತ್ರ ದೂರವಾಗಿದ್ದೇಕೆ?

ಬೆಂಗಳೂರಿನ ಶಿವಾಜಿನಗರದ ಇಬ್ರಾಹಿಂ ಸಾಹೇಬ್ ಸ್ಟ್ರೀಟ್, ಕಮರ್ಷಿಯಲ್ ಸ್ಟ್ರೀಟ್ ಸುತ್ತಮುತ್ತಲ ಮ್ಯಾಚಿಂಗ್ ಸೆಂಟರ್‌ಗಳಲ್ಲಿ ಬೆಳಗಿನಿಂದ ರಾತ್ರಿಯವರೆಗೆ ನಡೆಯುವುದು ಒಂದೇ ಕೆಲಸ. ಬಣ್ಣಕ್ಕೆ ಬಣ್ಣ ಕೂಡಿಸುವುದು. ನೆಲದಿಂದ ಸೂರಿನವರೆಗೆ ರವಿಕೆ ಬಟ್ಟೆಯ ಥಾನುಗಳು. ಕನಕಾಂಬರ, ರಾಣಿ ಪಿಂಕ್, ಎಲೆ ಹಸಿರು, ಬಾಟಲ್ ಗ್ರೀನ್, ಈರುಳ್ಳಿ ಬಣ್ಣ, ಎಂ.ಎಸ್. ಬ್ಲೂ. ಗಿರಾಕಿ ಚೀಲದಿಂದ ಸೀರೆ ತೆಗೆದು ಸೆರಗನ್ನು ಕೌಂಟರ್ ಮೇಲೆ ಹರಡುತ್ತಾರೆ. ಅಂಗಡಿಯವರು ನಾಲ್ಕು ಥಾನು ಎಳೆದು ಅಂಚಿನ ಪಕ್ಕ ಇಟ್ಟು, ಕೇಳುವ ಮುಂಚೆಯೇ ಅದರಲ್ಲಿ ಎರಡನ್ನು ಸರಿಸುತ್ತಾರೆ. "ಇದು ಅಂಚನ್ನ ತಿಂದುಹಾಕುತ್ತೆ ಅಕ್ಕಾ, ಒಂದು ಶೇಡ್ ಇಳಿಸೋಣ" ಎನ್ನುತ್ತಾರೆ. ಅನುಮಾನ ಉಳಿದರೆ ಇಬ್ಬರೂ ಬಟ್ಟೆ ಹಿಡಿದು ಬಾಗಿಲ ಹೊರಗೆ ಬೆಳಕಿಗೆ ಬರುತ್ತಾರೆ. ಟ್ಯೂಬ್‌ಲೈಟಿನಡಿ ಒಂದೇ ಆಗಿ ಕಂಡ ಎರಡು ನೇರಳೆಗಳು ಬಿಸಿಲಲ್ಲಿ ಬೇರೆಬೇರೆಯಾಗಿ ನಿಲ್ಲುತ್ತವೆ. ಬಣ್ಣ ಒಂದೇ ಆದರೂ ಅದನ್ನು ತಂದ ಡೈ ಬೇರೆಯಾದರೆ, ಬೆಳಕು ಬದಲಾದ ಕೂಡಲೇ ಗುಟ್ಟು ರಟ್ಟಾಗುತ್ತದೆ ಎಂಬುದು ಆ ಅಂಗಡಿಗಳಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ.

ಇಂಥ ಕಣ್ಣುಳ್ಳ ಊರಿನಲ್ಲಿ ಅಮೂರ್ತ ಚಿತ್ರದ ಮುಂದೆ ನಿಂತ ಹೆಚ್ಚಿನವರು ಹೇಳುವ ಮಾತು, "ನಮಗೆ ಇದೆಲ್ಲ ಅರ್ಥ ಆಗಲ್ಲ." ಎರಡು ಚೌಕ, ಒಂದು ತ್ರಿಕೋನ, ಮೂರು ಬಣ್ಣ. ಅಷ್ಟಕ್ಕೇ ಹಿಂಜರಿಕೆ. ಈ ಮಾತನ್ನು ಒಪ್ಪುವುದು ಕಷ್ಟ. ಕಂಟೋನ್ಮೆಂಟಿನಿಂದ ಕೆ.ಆರ್. ಪುರದವರೆಗಿನ ಜನಕ್ಕೆ ಆಕಾರ ಮತ್ತು ಬಣ್ಣದ ಪಾಠ ಹೊಸದಲ್ಲ. ಅವರ ಬಳಿ ಇರುವ ತಿಳಿವಳಿಕೆಯನ್ನು ಚಿತ್ರದ ಮುಂದೆ ಬಳಸಬಹುದು ಎಂದು ಹೇಳಿದವರು ಕಡಿಮೆ. ಆ ತಪ್ಪು ನೋಡುಗರದ್ದಲ್ಲ. ಶಾಲೆಗಳದ್ದು, ಗ್ಯಾಲರಿಗಳದ್ದು, ಸ್ವಲ್ಪ ಮಟ್ಟಿಗೆ ಕಲಾವಿದರದ್ದೂ ಹೌದು.

ಬಟ್ಟೆಯಂಗಡಿಯ ಮಾತಿಗೂ ಆಧುನಿಕ ಚಿತ್ರಕಲೆಯ ಒಂದು ಮೂಲಸೂತ್ರಕ್ಕೂ ನೇರ ನಂಟಿದೆ. ಪ್ಯಾರಿಸ್‌ನ ಗೋಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ ರಸಾಯನಶಾಸ್ತ್ರಜ್ಞ ಮಿಷೆಲ್ ಷೆವ್ರೊಲ್ ಅವರಿಗೆ ಕಪ್ಪು ನೂಲು ಸಪ್ಪೆಯಾಗಿದೆ ಎಂಬ ದೂರು ಬಂತು. ಪರೀಕ್ಷಿಸಿ ನೋಡಿದರೆ ನೂಲಿನಲ್ಲಿ ಕುಂದಿರಲಿಲ್ಲ, ಪಕ್ಕದಲ್ಲಿದ್ದ ನೀಲಿ, ನೇರಳೆ ನೂಲುಗಳು ಕಪ್ಪನ್ನು ಕುಂದಿಸುತ್ತಿದ್ದವು. ಅಕ್ಕಪಕ್ಕದ ಬಣ್ಣಗಳು ಒಂದನ್ನೊಂದು ಬದಲಿಸುತ್ತವೆ ಎಂಬ ಈ ನಿಯಮವನ್ನು ಅವರು 1839ರಲ್ಲಿ ಪುಸ್ತಕವಾಗಿ ತಂದರು. ಮುಂದೆ ಯುರೋಪಿನ ಚಿತ್ರಕಾರರು ಅದನ್ನು ಓದಿ ತಮ್ಮ ಕ್ಯಾನ್ವಾಸಿನಲ್ಲಿ ಪ್ರಯೋಗ ಮಾಡಿದರು. ಅಂಚನ್ನು ತಿನ್ನುವ ರವಿಕೆಯೂ ಕಪ್ಪನ್ನು ತಿನ್ನುವ ನೀಲಿಯೂ ಒಂದೇ ಜಾತಿಯವು.

ಜೋಸೆಫ್ ಆಲ್ಬರ್ಸ್ ಈ ಒಂದೇ ವಿಷಯಕ್ಕೆ ಬದುಕಿನ ಕೊನೆಯ ಕಾಲು ಶತಮಾನವನ್ನು ಕೊಟ್ಟರು. ಜರ್ಮನಿಯ ಬೌಹೌಸ್ ಕಲಾಶಾಲೆಯಲ್ಲಿ ಮೇಷ್ಟರಾಗಿದ್ದ ಅವರು, ನಾಜಿಗಳ ಕಾಟಕ್ಕೆ ಶಾಲೆ ಮುಚ್ಚಿದ ಮೇಲೆ 1933ರಲ್ಲಿ ಅಮೆರಿಕಕ್ಕೆ ಹೋದರು. 1950ರಲ್ಲಿ 'ಹೋಮೇಜ್ ಟು ದಿ ಸ್ಕ್ವೇರ್' ಎಂಬ ಸರಣಿ ಶುರು ಮಾಡಿ 1976ರಲ್ಲಿ ತೀರಿಕೊಳ್ಳುವವರೆಗೂ ಬಿಡಲಿಲ್ಲ. ಚೌಕದೊಳಗೆ ಚೌಕ, ಅದರೊಳಗೆ ಇನ್ನೊಂದು. ಮೂರು ಅಥವಾ ನಾಲ್ಕು, ಅಷ್ಟೇ. ಬಣ್ಣಗಳನ್ನು ಸಾಮಾನ್ಯವಾಗಿ ಬೆರೆಸದೆ, ಟ್ಯೂಬಿನಿಂದ ನೇರವಾಗಿ ಚಾಕುವಿನಲ್ಲಿ ಹಚ್ಚುತ್ತಿದ್ದರು. ಹಲಗೆಯ ಹಿಂಬದಿಯಲ್ಲಿ ಯಾವ ಕಂಪನಿಯ ಯಾವ ಬಣ್ಣ ಎಂದು ಬರೆದಿಡುತ್ತಿದ್ದರು. ಒಂದೇ ಹಳದಿ ಬೂದು ಬಣ್ಣದ ನಡುವೆ ಕೂತಾಗ ಮುಂದೆ ಬರುತ್ತದೆ, ಕಿತ್ತಳೆಯ ನಡುವೆ ಕೂತಾಗ ಹಿಂದೆ ಸರಿಯುತ್ತದೆ. ಅವರ ಚಿತ್ರ ನೋಡುವವರು ಹುಡುಕಬೇಕಾದ ಕಥೆ ಏನೂ ಇಲ್ಲ. ಯಾವ ಚೌಕ ಮುಂದೆ ಬಂತು, ಯಾವುದು ಹಿಂದೆ ಹೋಯಿತು ಎಂದು ಗಮನಿಸಿದರೆ ಅರ್ಧ ಕೆಲಸ ಮುಗಿದಂತೆ. ಗಂಗಾ ಜಮುನಾ ಅಂಚಿನ ಸೀರೆಗೆ ಎಂಥ ರವಿಕೆ ಒಪ್ಪುತ್ತದೆ ಎಂದು ಕ್ಷಣದಲ್ಲಿ ಹೇಳಬಲ್ಲವರಿಗೆ ಇದು ಅಸಾಧ್ಯವೆ?

ಬಣ್ಣದ ಮಾತು ಇಷ್ಟಾಯಿತು. ಆಕಾರದ ವಿಷಯಕ್ಕೆ ಬಂದರೆ ಹಲಸೂರು ಇನ್ನೂ ಶ್ರೀಮಂತ. ಸೋಮೇಶ್ವರ ದೇವಸ್ಥಾನದ ಸುತ್ತಲ ಬೀದಿಗಳಲ್ಲಿ, ಮುಖ್ಯವಾಗಿ ಧನುರ್ಮಾಸದಲ್ಲಿ, ತಮಿಳು ಮನೆಗಳ ಕೋಲವೂ ಕನ್ನಡ ಮನೆಗಳ ಚುಕ್ಕಿ ರಂಗೋಲಿಯೂ ಅಕ್ಕಪಕ್ಕದ ಹೊಸ್ತಿಲುಗಳಲ್ಲಿ ಕಾಣುತ್ತವೆ. ಹೆಂಗಸರು ಪುಸ್ತಕ ನೋಡದೆ ಹೇಳುವ ಲೆಕ್ಕ ಕೇಳಬೇಕು. "15ರಿಂದ 8, ಸಂದು ಚುಕ್ಕಿ." ನಡುವೆ ಹದಿನೈದು ಚುಕ್ಕಿಯ ಸಾಲು, ಮೇಲಕ್ಕೂ ಕೆಳಕ್ಕೂ ಒಂದೊಂದೇ ಕಡಿಮೆಯಾಗುತ್ತ ಎಂಟಕ್ಕೆ ನಿಲ್ಲುತ್ತದೆ. ಪ್ರತಿ ಹೊಸ ಚುಕ್ಕಿಯೂ ಹಿಂದಿನ ಸಾಲಿನ ಎರಡು ಚುಕ್ಕಿಗಳ ಸಂದಿಗೆ ಬೀಳುತ್ತದೆ. ಮುಗಿಸಿ ಎದ್ದರೆ ನೆಲದ ಮೇಲೆ ಆರು ಬದಿಯ ಆಕೃತಿ, ಬದಿಗೆ ಎಂಟು ಚುಕ್ಕಿಯಂತೆ ಒಟ್ಟು 169. ಇಷ್ಟನ್ನು ಬಗ್ಗಿ ನಿಂತು, ಬೆರಳ ಸಂದಿಯಿಂದ ಪುಡಿ ಬಿಡುತ್ತಲೇ, ಸ್ಕೇಲು ಕಾಂಪಾಸು ಇಲ್ಲದೆ ಇಡುತ್ತಾರೆ. ಎಳೆ ಕೋಲದಲ್ಲಿ ಗೆರೆ ಚುಕ್ಕಿಯನ್ನು ಮುಟ್ಟದೆ ಸುತ್ತಿ ಸುತ್ತಿ ಹೊರಟಲ್ಲಿಗೇ ಬಂದು ಸೇರಬೇಕು. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೋಮನಿ ಮತ್ತು ಸಂಗಡಿಗರು 1970ರ ದಶಕದಲ್ಲಿ ಈ ಕೋಲಗಳ ಒಳಗಿನ ನಿಯಮಗಳನ್ನು ಕಂಪ್ಯೂಟರ್ ವಿಜ್ಞಾನದ ವ್ಯಾಕರಣಗಳ ಮೂಲಕ ವಿವರಿಸಿದರು. ಬಾಗಿಲ ಮುಂದೆ ನೀರು ಚಿಮುಕಿಸಿ ಬರೆಯುವ ಗೆರೆ ಗಣಿತದ ಸಂಶೋಧನಾ ಪ್ರಬಂಧವಾಯಿತು.

ಕಣ್ಣಿಗೆ ಬೀಳುವ ಜ್ಯಾಮಿತಿ ಇಲ್ಲಿ ಇನ್ನೂ ಬೇಕಾದಷ್ಟಿದೆ. ಕಂಟೋನ್ಮೆಂಟಿನ ಉಳಿದಿರುವ ಹಳೆಯ ಬಂಗಲೆಗಳ ಮಂಕಿ ಟಾಪ್, ಮರದ ಪಟ್ಟಿಗಳನ್ನು ಓರೆಯಾಗಿ ಹೆಣೆದ ಜಾಲರಿ, ಸೇಂಟ್ ಮೇರಿಸ್ ಬೆಸಿಲಿಕಾದ ಬಣ್ಣದ ಗಾಜು, ಮಸೀದಿಗಳ ನಕ್ಷತ್ರ ವಿನ್ಯಾಸ, ಇಂದಿರಾನಗರದ ಹಳೆ ಮನೆಗಳ ಮೊಸಾಯಿಕ್ ನೆಲ. ಇವುಗಳಲ್ಲಿ ಹೆಚ್ಚಿನವು ಯಾವ ವಸ್ತುವಿನ ಚಿತ್ರವೂ ಅಲ್ಲ. ಹಾಗೆಂದು ಯಾರೂ ಬೆಸಿಲಿಕಾದ ಕಿಟಕಿಯ ಮುಂದೆ ನಿಂತು ಈ ಕೆಂಪು ಚೂರಿನ ಅರ್ಥವೇನು ಎಂದು ತಲೆ ಕೆಡಿಸಿಕೊಳ್ಳುವುದಿಲ್ಲ.

ಅಮೂರ್ತ ಕಲೆ ಪಶ್ಚಿಮದಿಂದ ಬಂದ ಸರಕು, ನಮ್ಮ ಮಣ್ಣಿನದಲ್ಲ ಎಂಬ ವಾದ ಆಗಾಗ ಕೇಳಿಬರುತ್ತದೆ. ಹಾಗೆನ್ನುವವರು ಒಮ್ಮೆ ಸಾಗರದ ಕಡೆಗೆ ಹೋಗಿಬರಬೇಕು. ಮಲೆನಾಡಿನ ದೀವರ ಹೆಂಗಸರು ಮದುವೆಗೆ ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರ ಪೂರ್ತಿ ಗೆರೆ, ಚೌಕ, ತ್ರಿಕೋನಗಳ ಕಟ್ಟಡ. ಗೋಡೆಗೆ ಕೆಮ್ಮಣ್ಣು, ಬಿಳಿಗೆ ನೆನೆಸಿ ಅರೆದ ಅಕ್ಕಿ, ಕಪ್ಪಿಗೆ ಸುಟ್ಟ ಅಕ್ಕಿ, ಹಳದಿಗೆ ಗುರಿಗೆ ಬೀಜ. ಕುಂಚವೆಂದರೆ ಪುಂಡಿ ನಾರು. ಬಣ್ಣ ನಾಲ್ಕೇ. ಗೆರೆ ಎಷ್ಟು ಸಣ್ಣದು, ಎಷ್ಟು ನೇರ, ಎಳೆಯಿಂದ ಎಳೆಗೆ ಎಷ್ಟು ಅಂತರ ಎಂಬುದರಲ್ಲೇ ಬರೆದವಳ ಕೈ ಗೊತ್ತಾಗುತ್ತದೆ. ಮದುಮಕ್ಕಳೂ ಅಲ್ಲಿದ್ದಾರೆ, ಆದರೆ ತ್ರಿಕೋನಗಳಾಗಿ. ಭೂಮಿ ಹುಣ್ಣಿಮೆಯ ಬುಟ್ಟಿಯ ಮೇಲೂ ಇದೇ ಚಿತ್ತಾರ.

ಪಶ್ಚಿಮದ ಅಮೂರ್ತ ಕಲೆಯೂ ಪೂರ್ತಿ ಪಶ್ಚಿಮದ್ದೇ ಏನಲ್ಲ. ಅದರ ಮೊದಲಿಗರಲ್ಲಿ ಸೇರಿದ ಕಾಂಡಿನ್ಸ್ಕಿ, ಮಾಂಡ್ರಿಯನ್ ಇಬ್ಬರೂ ಥಿಯಾಸಫಿ ಎಂಬ ಆಧ್ಯಾತ್ಮಿಕ ಚಿಂತನೆಯ ಪ್ರಭಾವಕ್ಕೆ ಒಳಗಾದವರು. ಮಾಂಡ್ರಿಯನ್ 1909ರಲ್ಲಿ ಥಿಯಾಸಫಿಕಲ್ ಸೊಸೈಟಿಯ ಸದಸ್ಯರೇ ಆದರು. ಆ ಸೊಸೈಟಿಯ ಕೇಂದ್ರ ಇದ್ದದ್ದು, ಇರುವುದು ಮದ್ರಾಸಿನ ಅಡ್ಯಾರಿನಲ್ಲಿ. ಭಾವನೆಗಳಿಗೆ ಬಣ್ಣವೂ ಆಕಾರವೂ ಇವೆ ಎಂದು ಚಿತ್ರಸಮೇತ ವಿವರಿಸುವ 'ಥಾಟ್ ಫಾರ್ಮ್ಸ್' ಪುಸ್ತಕ ಬರೆದವರಲ್ಲಿ ಒಬ್ಬರು ಅನಿ ಬೆಸೆಂಟ್. 1922ರ ಡಿಸೆಂಬರಿನಲ್ಲಿ ಕಲ್ಕತ್ತಾದಲ್ಲಿ ಬೌಹೌಸ್ ಕಲಾವಿದರ ಪ್ರದರ್ಶನ ನಡೆಯಿತು. ಕಾಂಡಿನ್ಸ್ಕಿ, ಪಾಲ್ ಕ್ಲೀ ಅವರ ಕೃತಿಗಳನ್ನು ಭಾರತೀಯರು ತಮ್ಮ ನೆಲದಲ್ಲೇ ನೋಡಿದ್ದು ನೂರು ವರ್ಷಗಳ ಹಿಂದೆ. ಯಾರಿಂದ ಯಾರು ಪಡೆದರು ಎಂಬ ಲೆಕ್ಕ ಅಷ್ಟು ಸರಳವಲ್ಲ.

ಹಾಗಾದರೆ ರಂಗೋಲಿಯೂ ಮಾಂಡ್ರಿಯನ್ನನ ಚಿತ್ರವೂ ಒಂದೇ ಎನ್ನಬಹುದೆ? ಹಾಗಂದರೆ ಎರಡಕ್ಕೂ ಅನ್ಯಾಯ. ರಂಗೋಲಿಯ ನಿಯಮ ಅಮ್ಮನಿಂದ ಮಗಳಿಗೆ ಬಂದದ್ದು. ಅದಕ್ಕೆ ಹೊಸ್ತಿಲಿದೆ, ಹಬ್ಬವಿದೆ, ಸಂಜೆಯೊಳಗೆ ಅಳಿಸಿಹೋಗುವ ಆಯುಸ್ಸಿದೆ. ಕ್ಯಾನ್ವಾಸಿನ ಮುಂದೆ ನಿಂತ ಚಿತ್ರಕಾರನಿಗೆ ಆ ಆಸರೆ ಇಲ್ಲ. ಎಲ್ಲಿ ಗೆರೆ ಎಳೆಯಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ನಿಯಮವನ್ನು ಅವನೇ ಹುಟ್ಟಿಸಬೇಕು, ಸರಿಹೋಗದಿದ್ದರೆ ಅವನೇ ಮುರಿಯಬೇಕು. ಮಾಂಡ್ರಿಯನ್ ನ್ಯೂಯಾರ್ಕಿನ ಕೊನೆಯ ವರ್ಷಗಳಲ್ಲಿ ಬಣ್ಣದ ಟೇಪಿನ ಪಟ್ಟಿಗಳನ್ನು ಕ್ಯಾನ್ವಾಸಿಗೆ ಅಂಟಿಸಿ, ಕಿತ್ತು, ಮತ್ತೆ ಒಂದಿಷ್ಟು ಸರಿಸಿ ಅಂಟಿಸುತ್ತಿದ್ದರು. 1944ರಲ್ಲಿ ಅವರು ತೀರಿಕೊಂಡಾಗ 'ವಿಕ್ಟರಿ ಬೂಗಿ ವೂಗಿ' ಆ ಟೇಪುಗಳ ಸಮೇತ ಅರ್ಧಕ್ಕೇ ನಿಂತಿತ್ತು. "ಇದನ್ನ ನಮ್ಮ ಮಗೂನೂ ಬರೆಯುತ್ತೆ" ಎನ್ನುವವರಿಗೆ ತೋರಿಸಬೇಕಾದ ಚಿತ್ರ ಅದು. ಒಂದು ಪಟ್ಟಿ ಎಲ್ಲಿ ಕೂರಬೇಕು ಎಂಬುದಕ್ಕೆ ಎಪ್ಪತ್ತರ ಹರೆಯದ ಮನುಷ್ಯ ಪಟ್ಟ ಪಾಡು ಅಲ್ಲಿ ಬರಿಗಣ್ಣಿಗೆ ಕಾಣುತ್ತದೆ.

ಬೆಂಗಳೂರಿನಲ್ಲೇ ಈ ದಾರಿ ತುಳಿದವರಿಗೆ ಕೊರತೆಯಿಲ್ಲ. ಉಡುಪಿಯ ಜಿ.ಎಸ್. ಶೆಣೈ ಕರಾವಳಿಯ ನೆಲ, ನೀರುಗಳನ್ನು ಬಣ್ಣದ ಹರಹುಗಳಾಗಿ ಕಂಡರು. ಕಣ್ಣೂರಿನ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಬಾಲನ್ ನಂಬಿಯಾರ್ ತೆಯ್ಯಂ ಆಚರಣೆಯ ರೂಪಗಳನ್ನೂ ಗಣಿತದ ವಕ್ರರೇಖೆಗಳನ್ನೂ ಉಕ್ಕಿನಲ್ಲಿ, ಎನಾಮೆಲ್ಲಿನಲ್ಲಿ ಕೂಡಿಸಿದರು. ಪೂರ್ವ ಬೆಂಗಳೂರಿಗೆ ಹೆಚ್ಚು ಹತ್ತಿರದವರು ಯೂಸುಫ್ ಅರಕ್ಕಲ್. ಕೇರಳದ ಚಾವಕ್ಕಾಡಿನಿಂದ ಹುಡುಗನಾಗಿ ಬೆಂಗಳೂರಿಗೆ ಬಂದು, ಎಚ್‌ಎಎಲ್‌ನಲ್ಲಿ ಕೆಲಸಕ್ಕೆ ಸೇರಿ, ಚಿತ್ರಕಲಾ ಪರಿಷತ್ತಿನಲ್ಲಿ ಕಲಿತು, 2016ರಲ್ಲಿ ತೀರಿಕೊಳ್ಳುವವರೆಗೂ ಈ ನಗರವನ್ನೇ ಮನೆ ಮಾಡಿಕೊಂಡಿದ್ದವರು. ಅವರು ಅಮೂರ್ತ ಚಿತ್ರಕಾರರಾಗಿ ಹೆಸರಾದವರಲ್ಲ. ಅವರ ಕ್ಯಾನ್ವಾಸಿನ ತುಂಬ ಒಂಟಿ ಮನುಷ್ಯರು. ಆದರೂ ಆ ಮನುಷ್ಯರ ಜೊತೆಗಿರುವ ಚಕ್ರ, ಕುರ್ಚಿ, ಗಾಳಿಪಟಗಳ ಕಡೆ ಕಣ್ಣಿಟ್ಟರೆ, ಮುಖ ಹೇಳದ್ದನ್ನು ಆ ಆಕಾರಗಳೇ ಹೇಳುತ್ತಿವೆ ಅನ್ನಿಸುತ್ತದೆ.

ಹಾಗಿದ್ದೂ ಜನಕ್ಕೂ ಅಮೂರ್ತ ಚಿತ್ರಕ್ಕೂ ನಡುವೆ ದೂರ ಹುಟ್ಟಿದ್ದು ಎಲ್ಲಿ ಎಂಬ ಪ್ರಶ್ನೆಗೆ ಮೊದಲ ಉತ್ತರ ಡ್ರಾಯಿಂಗ್ ಪೀರಿಯಡ್ಡಿನಲ್ಲಿದೆ. ಅದೂ ಗಣಿತದ ಮೇಷ್ಟರು ಕಿತ್ತುಕೊಳ್ಳದೆ ಬಿಟ್ಟರೆ. ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೆ ಹೊಳೆ, ಪಕ್ಕದಲ್ಲಿ ಗುಡಿಸಲು. ತಲೆಮಾರುಗಳಿಂದ ಮಕ್ಕಳು ಬರೆಯುತ್ತಿರುವುದು ಇದನ್ನೇ. ಚಿತ್ರವೆಂದರೆ ಯಾವುದೋ ವಸ್ತುವಿನ ಹೋಲಿಕೆ, ಹೋಲಿದಷ್ಟೂ ಮಾರ್ಕು ಎಂಬ ಪಾಠ ಅಲ್ಲೇ ಗಟ್ಟಿಯಾಗುತ್ತದೆ. ಅದೇ ಮಕ್ಕಳು ಮನೆಯಲ್ಲಿ ಅಜ್ಜಿಯ ಜೊತೆ ರಂಗೋಲಿಗೆ ಬಣ್ಣ ತುಂಬುವಾಗ ಕಲಿಯುವುದನ್ನು ಶಾಲೆ ಚಿತ್ರಕಲೆಯೆಂದು ಗಣಿಸುವುದಿಲ್ಲ.

ಇದನ್ನು ಬದಲಿಸಲು ದುಡ್ಡು ಬೇಕಿಲ್ಲ. 1923ರಲ್ಲಿ ಕಾಂಡಿನ್ಸ್ಕಿ ಬೌಹೌಸ್‌ನಲ್ಲಿ ಒಂದು ಹಾಳೆ ಹಂಚಿದರು. ಅದರಲ್ಲಿ ತ್ರಿಕೋನ, ಚೌಕ, ವೃತ್ತ. ಹಳದಿ, ಕೆಂಪು, ನೀಲಿಯಲ್ಲಿ ಯಾವುದಕ್ಕೆ ಯಾವ ಬಣ್ಣ ಎಂದು ತುಂಬಿ, ಕಾರಣ ಬರೆಯಬೇಕಿತ್ತು. ತ್ರಿಕೋನಕ್ಕೆ ಹಳದಿ, ಚೌಕಕ್ಕೆ ಕೆಂಪು, ವೃತ್ತಕ್ಕೆ ನೀಲಿ ಎಂಬುದು ಅವರ ನಂಬಿಕೆ, ಹೆಚ್ಚಿನವರ ಉತ್ತರವೂ ಅದೇ ಆಗಿತ್ತು. ಅದೇ ಹಾಳೆಯನ್ನು ಹಲಸೂರಿನ ಒಂದು ಶಾಲೆಯಲ್ಲಿ ಹಂಚಿದರೆ ಏನಾದೀತು? ಕುಂಕುಮದ ಬೊಟ್ಟು ನೋಡಿ ಬೆಳೆದ ಹುಡುಗಿ ವೃತ್ತಕ್ಕೆ ಕೆಂಪು ಹಚ್ಚಬಹುದು. ಸಿಗ್ನಲ್ ಗೋಪುರಗಳ ನಡುವೆ ಬೆಳೆದ ರೈಲ್ವೆ ಕ್ವಾರ್ಟರ್ಸಿನ ಹುಡುಗನ ಉತ್ತರ ಬೇರೆಯಿದ್ದೀತು. ಕಾಂಡಿನ್ಸ್ಕಿಯೇ ತಪ್ಪೆಂದು ಮಕ್ಕಳು ವಾದ ಮಾಡಿದರೆ ಅದಕ್ಕಿಂತ ಒಳ್ಳೆಯ ಕಲಾಪಾಠ ಇನ್ನೊಂದಿಲ್ಲ. ಮೂರು ಕ್ರೆಯಾನು, ಒಂದು ಹಾಳೆ, ನಲವತ್ತು ನಿಮಿಷ ಸಾಕು.

ಗ್ಯಾಲರಿಗಳ ಪಾಲು ಇನ್ನೂ ದೊಡ್ಡದು. 2009ರಲ್ಲಿ ಮಾಣಿಕ್ಯವೇಲು ಮ್ಯಾನ್ಷನ್ನಿನಲ್ಲಿ ಶುರುವಾದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಅರಮನೆ ರಸ್ತೆಯಲ್ಲಿದೆ. ವೆಂಕಟಪ್ಪ ಗ್ಯಾಲರಿ ಕಸ್ತೂರಬಾ ರಸ್ತೆಯಲ್ಲಿ, 2023ರಲ್ಲಿ ಬಾಗಿಲು ತೆರೆದ ಕಲೆ ಮತ್ತು ಛಾಯಾಚಿತ್ರಗಳ ಮ್ಯೂಸಿಯಂ 'ಮ್ಯಾಪ್' ಕೂಡ ಅಲ್ಲೇ. ಚಿತ್ರಕಲಾ ಪರಿಷತ್ತು ಕುಮಾರಕೃಪಾ ರಸ್ತೆಯಲ್ಲಿ. ಪೂರ್ವಕ್ಕೆ ಬಂದರೆ ಇಂದಿರಾನಗರದ ಸಿಎಂಎಚ್ ರಸ್ತೆಯ ಮ್ಯಾಕ್ಸ್ ಮುಲ್ಲರ್ ಭವನ, 2019ರಲ್ಲಿ ದೊಮ್ಮಲೂರಿನಲ್ಲಿ ತೆರೆದ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್. ಅಲ್ಲಿಂದಾಚೆ ಹಳೇ ಮದ್ರಾಸ್ ರಸ್ತೆ ಹಿಡಿದು ಕೆ.ಆರ್. ಪುರದವರೆಗೆ ಲಕ್ಷಾಂತರ ಜನ ಇದ್ದಾರೆ, ಇವಕ್ಕೆ ಸಮನಾದ ಸಾರ್ವಜನಿಕ ಕಲಾ ಗ್ಯಾಲರಿ ಇಲ್ಲ. ಇನ್ನು ಶಿವಾಜಿನಗರ ಬಸ್ ನಿಲ್ದಾಣದಿಂದ ಮಾಣಿಕ್ಯವೇಲು ಮ್ಯಾನ್ಷನ್ನಿಗೆ ಸುಮಾರು ಮೂರು ಕಿಲೋಮೀಟರ್, ಅಷ್ಟೇ. ಮ್ಯಾಚಿಂಗ್ ಸೆಂಟರಿನಲ್ಲಿ ದುಡಿಯುವವರನ್ನು ಆ ದೂರ ತಡೆಯುತ್ತಿಲ್ಲ. ಅದು ತಮ್ಮಂಥವರ ಜಾಗ ಅಲ್ಲ ಎಂಬ ಭಾವನೆ ತಡೆಯುತ್ತದೆ. ಅಮೂರ್ತ ಚಿತ್ರದ ಬಗ್ಗೆ ಬರೆಯುವವರ ಭಾಷೆಯೂ ಇದಕ್ಕೆ ಕಾರಣ. ಕ್ಯಾಟಲಾಗ್‌ಗಳ ಭಾರವಾದ ಇಂಗ್ಲಿಷ್ ಓದಿದರೆ, ಚಿತ್ರ ನೋಡುವ ಮುನ್ನ ತತ್ವಶಾಸ್ತ್ರದ ಪರೀಕ್ಷೆ ಪಾಸಾಗಬೇಕೇನೋ ಅನ್ನಿಸುತ್ತದೆ. ಚಿತ್ರದ ಪಕ್ಕದ ಚೀಟಿ ಕನ್ನಡ, ತಮಿಳು, ಉರ್ದುವಿನಲ್ಲಿರಲಿ. ಅದರಲ್ಲಿ ಕಲಾವಿದನ ಅಂತರಂಗದ ವ್ಯಾಖ್ಯಾನ ಬೇಡ. ಈ ನೀಲಿಯನ್ನು ಸ್ವಲ್ಪ ಹೊತ್ತು ನೋಡಿ, ಆಮೇಲೆ ಪಕ್ಕದ ಬೂದು ಬಣ್ಣ ನೋಡಿ ಎಂದಷ್ಟು ಹೇಳಿದರೆ ಸಾಕು.

ಬೆಲೆಯ ಸುದ್ದಿಗಳು ಮಾಡಿರುವ ಕೆಡುಕೂ ಕಡಿಮೆಯಲ್ಲ. 2023ರಲ್ಲಿ ಚಿತ್ರಕಾರ ಎಸ್.ಎಚ್. ರಜಾ ಅವರ 'ಜೆಸ್ಟೇಷನ್' 51.75 ಕೋಟಿ ರೂಪಾಯಿಗೆ ಹರಾಜಾಯಿತು. ಪತ್ರಿಕೆಗಳಲ್ಲಿ ಸುದ್ದಿಯಾದದ್ದು ಆ ಅಂಕಿ, ರಜಾ ಅವರ ಬಾಲ್ಯದ ಕಥೆಯಲ್ಲ. ಮಧ್ಯಪ್ರದೇಶದ ಹಳ್ಳಿಶಾಲೆಯಲ್ಲಿ ಚಂಚಲ ಹುಡುಗನ ಮನಸ್ಸು ನಿಲ್ಲಲೆಂದು ಮೇಷ್ಟರು ಗೋಡೆಯ ಮೇಲೆ ಒಂದು ಚುಕ್ಕಿ ಬರೆದು ಅದನ್ನೇ ನೋಡು ಎಂದಿದ್ದರು. ಆ ಹುಡುಗ ಪ್ಯಾರಿಸ್‌ನಲ್ಲಿ ದಶಕಗಳನ್ನು ಕಳೆದ ಮೇಲೆ ಆ ಚುಕ್ಕಿಗೇ ಮರಳಿ, ಬಿಂದುವನ್ನು ತನ್ನ ಕಲೆಯ ನಡುಮನೆಯಾಗಿಸಿಕೊಂಡ. ಹಲಸೂರಿನ ಹೊಸ್ತಿಲುಗಳಲ್ಲಿ ಚುಕ್ಕಿ ಇಡುವವರಿಗೆ ಹೇಳಬೇಕಾದ ಕಥೆ ಇದು. ಕೋಟಿಗಳ ಲೆಕ್ಕ ಕೇಳಿದವರಿಗೆ ಚಿತ್ರ ಇನ್ನಷ್ಟು ದೂರ ಸರಿಯುತ್ತದೆ.

ಎಲ್ಲ ಅಮೂರ್ತ ಚಿತ್ರವೂ ಶ್ರೇಷ್ಠ ಎನ್ನುವ ಹಟವೂ ಬೇಡ. ವೈಟ್‌ಫೀಲ್ಡ್ ಕಡೆಯ ಅಪಾರ್ಟ್‌ಮೆಂಟ್ ಲಾಬಿಗಳಲ್ಲಿ ಸೋಫಾದ ಬಣ್ಣಕ್ಕೆ ಹೊಂದುವಂತೆ ತೂಗುಹಾಕಿದ ಬಣ್ಣದ ಚೌಕಗಳು ಗೋಡೆ ತುಂಬಿಸುತ್ತವೆ, ಅಷ್ಟೇ. ಒಳ್ಳೆಯದಕ್ಕೂ ಅಂಥದಕ್ಕೂ ವ್ಯತ್ಯಾಸ ತಿಳಿಯಬೇಕಾದರೆ ಒಳ್ಳೆಯದನ್ನು ಮತ್ತೆ ಮತ್ತೆ ನೋಡಬೇಕು, ಅದೂ ಟಿಕೆಟ್ಟಿಲ್ಲದೆ, ಕೆಲಸಕ್ಕೆ ಹೋಗಿಬರುವ ದಾರಿಯಲ್ಲಿ.

ಆ ದಾರಿ ಈಗ ಮೆಟ್ರೊ. 2011ರ ಅಕ್ಟೋಬರ್ 20ರಂದು ನಗರದ ಮೊದಲ ಮೆಟ್ರೊ ಓಡಿದ್ದೇ ಬೈಯಪ್ಪನಹಳ್ಳಿಯಿಂದ ಇಂದಿರಾನಗರ, ಹಲಸೂರುಗಳ ಮೇಲೆ ಹಾದು ಎಂ.ಜಿ. ರಸ್ತೆಗೆ. 2023ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿ ಮತ್ತು ಕೆ.ಆರ್. ಪುರದ ನಡುವಿನ ಕೊಂಡಿ ಸೇರಿತು. ಎಂ.ಜಿ. ರಸ್ತೆ ನಿಲ್ದಾಣದ ಮಗ್ಗುಲಲ್ಲಿ 2013ರಿಂದ ಇರುವ ಕಲಾಕೇಂದ್ರಕ್ಕೆ ರಂಗೋಲಿ ಎಂದೇ ಹೆಸರು. ಸೃಷ್ಟಿ ಕಲಾಶಾಲೆಯ ವಿದ್ಯಾರ್ಥಿಗಳು ಮೆಟ್ರೊ ನಿಗಮದ ಜೊತೆ ಸೇರಿ ಪೀಣ್ಯ, ಕಬ್ಬನ್ ಪಾರ್ಕ್ ನಿಲ್ದಾಣಗಳಲ್ಲಿ ಕಲಾಕೃತಿಗಳನ್ನು ಮಾಡಿದ್ದಾರೆ. ಸ್ಟಾಕ್‌ಹೋಮ್ ನಗರ 1950ರ ದಶಕದಿಂದ ತನ್ನ ಸುರಂಗ ನಿಲ್ದಾಣಗಳನ್ನು ಕಲಾವಿದರಿಗೆ ಒಪ್ಪಿಸುತ್ತ ಬಂದಿದೆ. ಹೀಗಾಗಿ ಇಲ್ಲಿ ಕೇಳುತ್ತಿರುವುದು ಯಾರೂ ಮಾಡದ ಕೆಲಸವನ್ನಲ್ಲ.

ಬಿಬಿಎಂಪಿ 2009ರ ಹೊತ್ತಿಗೆ ನಗರದ ಗೋಡೆಗಳಿಗೆ ಚಿತ್ರ ಬರೆಸಿದಾಗ ಸಿನಿಮಾ ಬ್ಯಾನರ್ ಕಲಾವಿದರಿಗೆ ಕೆಲಸ ಸಿಕ್ಕಿತು, ಅದು ಒಳ್ಳೆಯದಾಯಿತು. ಆದರೆ ಮೂಡಿದ್ದು ಹೆಚ್ಚಾಗಿ ಕಲ್ಲಿನ ರಥ, ಜಲಪಾತ, ಯಕ್ಷಗಾನ, ಹುಲಿ. ದೂಳು, ಪೋಸ್ಟರುಗಳ ನಡುವೆ ಎಷ್ಟೋ ಮುಖಗಳು ಕೆಲವೇ ವರ್ಷಗಳಲ್ಲಿ ಗುರುತು ಸಿಗದಾದವು. ಓಡುವ ವಾಹನದಿಂದ ನೋಡುವ ಕಣ್ಣಿಗೆ, ಮಾಸುವ ಗೋಡೆಗೆ ದೊಡ್ಡ ಆಕಾರ, ಗಟ್ಟಿ ಬಣ್ಣವೇ ಹೆಚ್ಚು ಒಗ್ಗುತ್ತದೆ. ಮೆಟ್ರೊದ ಗುಲಾಬಿ ಮಾರ್ಗದ ಶಿವಾಜಿನಗರ, ಕಂಟೋನ್ಮೆಂಟ್, ಪಾಟರಿ ಟೌನ್ ನಿಲ್ದಾಣಗಳು ನೆಲದಡಿ ಇವೆ. ಅಲ್ಲಿ ಕಿಟಕಿಯಿಲ್ಲ, ಆಕಾಶವಿಲ್ಲ, ಬೆಳಕೆಲ್ಲ ದೀಪದ್ದೇ. ಬಣ್ಣದ ಚಿತ್ರಕ್ಕೆ ಇದಕ್ಕಿಂತ ಹೇಳಿ ಮಾಡಿಸಿದ ಜಾಗ ಸಿಗುವುದು ಕಷ್ಟ.

ಮೆಟ್ರೊ ನಿಗಮ ಈ ಗೋಡೆಗಳನ್ನು ಜಾಹೀರಾತಿನವರಿಗೆ ಕೊಡುವ ಮೊದಲು ನಿಲ್ದಾಣಕ್ಕೆ ಒಂದು ಗೋಡೆಯನ್ನಾದರೂ ಐದು ವರ್ಷದ ಮಟ್ಟಿಗೆ ಅಮೂರ್ತ ಕಲೆಗೆ ಮೀಸಲಿಡಬೇಕು. ಬರೆಯುವವರನ್ನು ಆರಿಸುವ ಸಮಿತಿಯಲ್ಲಿ ಚಿತ್ರಕಲಾ ಪರಿಷತ್ತು, ಕೆನ್ ಕಲಾಶಾಲೆಯವರ ಜೊತೆಗೆ ಹಲಸೂರಿನಲ್ಲಿ ಕೋಲ ಇಡುವ ಹೆಂಗಸರೂ ಇಬ್ರಾಹಿಂ ಸಾಹೇಬ್ ಸ್ಟ್ರೀಟಿನ ಬಟ್ಟೆ ವ್ಯಾಪಾರಿಗಳೂ ಇರಲಿ. ಚಿತ್ರದ ಕೆಳಗೆ ಕಲಾವಿದರ ಹೆಸರು, ಬಳಸಿದ ಬಣ್ಣಗಳ ಹೆಸರು ಮೂರು ಭಾಷೆಗಳಲ್ಲಿ ಇರಲಿ. ಕೆ.ಆರ್. ಪುರ ನಿಲ್ದಾಣದಿಂದಲೇ ಶುರು ಮಾಡಬಹುದು. ತೂಗುಸೇತುವೆ, ರೈಲು ನಿಲ್ದಾಣ, ಹೊರವರ್ತುಲ ರಸ್ತೆ ಮೂರೂ ಕೂಡುವ ಆ ಜಾಗದಲ್ಲಿ ಬಸ್ಸಿಗೂ ರೈಲಿಗೂ ಕಾಯುತ್ತ ನಿಂತವರಿಗೆ ಒಂದು ಗೋಡೆಯನ್ನು ನಿಧಾನವಾಗಿ ನೋಡುವಷ್ಟು ಸಮಯ ದಿನವೂ ಸಿಗುತ್ತದೆ.